ಪ್ರಶ್ನೆಪತ್ರಿಕೆಯ ಎಲ್‌1, ಎಲ್‌2 ಹಿಂದಿರೋ ಮೇಷ್ಟ್ರು: ಬೆಂಜಮಿನ್ ಬ್ಲೂಮ್

ಮನೇಲಿ ಇಂಜಿನಿಯರಿಂಗ್ ಓದೋ ಮಕ್ಕಳಿದ್ರೆ ಅವರ ವಿಟಿಯು ಪ್ರಶ್ನೆಪತ್ರಿಕೆ ಒಮ್ಮೆ ತೆಗೆದು ನೋಡಿ. ಅಂಕದ ಪಕ್ಕದಲ್ಲಿ ಎಲ್‌1, ಎಲ್‌2 ಅಂತ, ಸಿಒ1, ಸಿಒ2 ಅಂತ ಇರುತ್ತೆ. ಸಿಒ ಅಂದ್ರೆ ಕೋರ್ಸ್ ಔಟ್‌ಕಮ್, ಅಂದ್ರೆ ಆ ವಿಷಯ ಓದಿ ಮುಗಿಸಿದವರಿಗೆ ಏನು ಮಾಡೋಕೆ ಬರಬೇಕು ಅನ್ನೋದು. ಎಲ್ ಅಂದ್ರೆ ಲೆವೆಲ್, ಪ್ರಶ್ನೆ ಎಷ್ಟು ಆಳದ್ದು ಅನ್ನೋ ಗುರುತು. ಈ ಲೆವೆಲ್‌ಗಳ ಮೂಲ ಅಮೆರಿಕದ ಬೆಂಜಮಿನ್ ಬ್ಲೂಮ್.

ಬ್ಲೂಮ್ ಹುಟ್ಟಿದ್ದು 1913ರ ಫೆಬ್ರವರಿ 21ರಂದು, ಪೆನ್ಸಿಲ್ವೇನಿಯಾದ ಲ್ಯಾನ್ಸ್‌ಫರ್ಡ್ ಅನ್ನೋ ಕಲ್ಲಿದ್ದಲು ಗಣಿಯ ಸಣ್ಣ ಊರಲ್ಲಿ. ತಂದೆ ತಾಯಿ ರಷ್ಯಾದಿಂದ ವಲಸೆ ಬಂದ ಯಹೂದಿಗಳು. ತಂದೆಗೆ ಫೋಟೋಗಳಿಗೆ ಫ್ರೇಮ್ ಹಾಕೋ ಕೆಲಸ. ಹುಡುಗನಿಗೆ ಓದೋ ಹುಚ್ಚು ಎಷ್ಟಿತ್ತಂದ್ರೆ, ಲೈಬ್ರರಿಯಿಂದ ತಂದ ಪುಸ್ತಕ ಅವತ್ತೇ ಮುಗಿಸಿ ವಾಪಸ್ ಕೊಡೋಕೆ ಹೋಗ್ತಿದ್ದ.

1935ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್‌ನಲ್ಲಿ ಓದು ಮುಗಿಸಿ, ಆಮೇಲೆ ಷಿಕಾಗೋ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರ ಗುರು ರಾಲ್ಫ್ ಟೈಲರ್. ಏನು ಕಲಿಸಬೇಕು ಅಂತ ಮೊದಲೇ ಸ್ಪಷ್ಟವಾಗಿ ಬರೆದುಕೊಂಡು, ಅದು ಬಂತೋ ಇಲ್ವೋ ಅಂತ ಕೊನೆಗೆ ಅಳೆಯಬೇಕು ಅಂತ ತೋರಿಸಿಕೊಟ್ಟವರು ಟೈಲರ್. 1942ರಲ್ಲಿ ಪಿಎಚ್‌ಡಿ ಪಡೆದ ಬ್ಲೂಮ್, 1943ರಿಂದ 1959ರವರೆಗೆ ಅದೇ ವಿಶ್ವವಿದ್ಯಾಲಯದ ಪರೀಕ್ಷಕರಾಗಿದ್ದರು.

ಆಗಿನ ಕಾಲೇಜು ಪರೀಕ್ಷೆಗಳಲ್ಲಿ ಬಹುಪಾಲು ಪ್ರಶ್ನೆಗಳು ಬಾಯಿಪಾಠ ಕೇಳೋವೇ. 1948ರಲ್ಲಿ ಬೋಸ್ಟನ್‌ನಲ್ಲಿ ಸೇರಿದ್ದ ಪರೀಕ್ಷಕರು ಪ್ರಶ್ನೆಗಳನ್ನು ಅವುಗಳ ಆಳ ನೋಡಿ ವಿಂಗಡಿಸೋ ಮಾತಾಡಿದರು. 1956ರಲ್ಲಿ ಬ್ಲೂಮ್ ಸಂಪಾದಕತ್ವದಲ್ಲಿ ಪುಸ್ತಕ ಬಂತು. ಅದರಲ್ಲಿದ್ದ ಆರು ಮೆಟ್ಟಿಲನ್ನು 2001ರಲ್ಲಿ ಅವರ ಶಿಷ್ಯರು, ಸಹೋದ್ಯೋಗಿಗಳು ಸ್ವಲ್ಪ ತಿದ್ದಿದರು. ಇವತ್ತಿನ ಎಲ್‌1ರಿಂದ ಎಲ್‌6 ಅದೇ.

ಕಿರಾಣಿ ಅಂಗಡಿ ಲೆಕ್ಕದಲ್ಲಿ ಹೇಳೋದಾದ್ರೆ, ಅಕ್ಕಿ ರೇಟು ನೆನಪಿರೋದು ಮೊದಲ ಮೆಟ್ಟಿಲು. ರೇಟು ಯಾಕೆ ಏರಿತು ಅಂತ ಅರ್ಥವಾಗೋದು ಎರಡನೇದು. ಗಿರಾಕಿಗೆ ಸರಿಯಾಗಿ ಬಿಲ್ ಹಾಕೋದು ಮೂರನೇದು. ಈ ತಿಂಗಳು ವ್ಯಾಪಾರ ಎಲ್ಲಿ ಬಿತ್ತು ಅಂತ ಬಿಡಿಸಿ ನೋಡೋದು ನಾಲ್ಕು. ಯಾರಿಗೆ ಉದ್ರಿ ಕೊಡಬಹುದು, ಯಾರಿಗೆ ಬೇಡ ಅಂತ ತೂಗಿ ನೋಡೋದು ಐದು. ಹೊಸ ವ್ಯಾಪಾರ ಕಟ್ಟೋದು ಆರು. ರೇಟು ಪಟ್ಟಿ ಬಾಯಿಪಾಠ ಮಾಡಿದ ಮಾತ್ರಕ್ಕೆ ಹುಡುಗನ ಕೈಗೆ ಗಲ್ಲಾಪೆಟ್ಟಿಗೆ ಕೊಡ್ತೀರಾ?

ಬ್ಲೂಮ್ ಭಾರತಕ್ಕೂ ಬಂದಿದ್ದರು. 1957ರಲ್ಲಿ ಇಲ್ಲಿ ಪರೀಕ್ಷಾ ಸುಧಾರಣೆ ಬಗ್ಗೆ ಸಾಲು ಸಾಲು ಕಾರ್ಯಾಗಾರ ನಡೆಸಿದರು. ಮುಂದಿನ ವರ್ಷವೇ ಕೇಂದ್ರ ಪರೀಕ್ಷಾ ಘಟಕ ಶುರುವಾಯ್ತು. ಹೈಸ್ಕೂಲ್ ಮೇಷ್ಟ್ರುಗಳು ಜ್ಞಾನ, ತಿಳುವಳಿಕೆ, ಅನ್ವಯ ಅಂತ ಅಂಕ ಹಂಚಿ ಪ್ರಶ್ನೆಪತ್ರಿಕೆಗೆ ಬ್ಲೂಪ್ರಿಂಟ್ ಹಾಕೋದೂ ಇದೇ ದಾರಿಯದ್ದು.

ಮೆಟ್ಟಿಲಿಗಿಂತ ದೊಡ್ಡ ಮಾತನ್ನು ಅವರು ಹೇಳಿದ್ದು 1968ರಲ್ಲಿ. ಬೇಕಾದಷ್ಟು ಸಮಯ ಕೊಟ್ಟು, ತಪ್ಪಿದ ಕಡೆ ತಿದ್ದಿ ಮತ್ತೆ ಕಲಿಸಿದರೆ 100ರಲ್ಲಿ 90ಕ್ಕೂ ಹೆಚ್ಚು ಮಕ್ಕಳು ಪೂರ್ತಿ ಕಲಿಯಬಲ್ಲರು ಅನ್ನೋದು ಅವರ ವಾದ. ಅಂದ್ರೆ ಪರೀಕ್ಷೆ ಇರೋದು ಮಕ್ಕಳನ್ನ ಜರಡಿ ಹಿಡಿಯೋಕಲ್ಲ, ಎಲ್ಲಿ ತಿಳಿದಿಲ್ಲ ಅಂತ ಕಂಡುಹಿಡಿಯೋಕೆ. ಡಿಗ್ರಿ ಅರ್ಧಕ್ಕೆ ಬಿಟ್ಟ ನನ್ನಂಥವರಿಗೆ ಈ ಮಾತು ನೇರ ಎದೆಗೆ ನಾಟುತ್ತೆ.

ಬ್ಲೂಮ್ 1999ರ ಸೆಪ್ಟೆಂಬರ್ 13ರಂದು ತೀರಿಕೊಂಡರು. ಅವರ ಲೆವೆಲ್ ನಮ್ಮ ಕಾಲೇಜುಗಳ ತನಕ ಬಂದಿದೆ. ನ್ಯಾಕ್, ಎನ್‌ಬಿಎ ತಂಡ ಬಂದಾಗ ತೋರಿಸೋಕೆ ಕೋರ್ಸ್ ಔಟ್‌ಕಮ್ ಫೈಲುಗಳೂ ಇರುತ್ತವೆ. ಆದರೆ ಇಂಟರ್ನಲ್ಸ್‌ನಲ್ಲಿ ಮಗು ಎಡವಿದ ಪಾಠವನ್ನ ಯಾರಾದ್ರೂ ಮತ್ತೆ ಹೇಳಿಕೊಟ್ಟರಾ? ಇಲ್ಲ ಅಂದ್ರೆ ಆ ಫೈಲು ಬರೀ ಕಾಗದ.

ಫೀಸು ಕಟ್ಟೋ ಪಾಲಕರು ಸಿಲಬಸ್ ಪ್ರತಿ ಒಮ್ಮೆ ತರಿಸಿಕೊಳ್ಳಿ. ಪ್ರತಿ ವಿಷಯದ ಜೊತೆಗೂ ಔಟ್‌ಕಮ್ ನಾಲ್ಕೈದು ಸಾಲಲ್ಲಿ ಬರೆದಿರುತ್ತೆ. ಮುಂದಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಎಷ್ಟು ಮಾರ್ಕ್ಸ್ ಬಂತು ಅಂತ ಕೇಳೋದರ ಜೊತೆಗೆ, ಇದರಲ್ಲಿ ನನ್ನ ಮಗಳಿಗೆ ಯಾವುದು ಬಂದಿಲ್ಲ, ಅದಕ್ಕೆ ನೀವೇನು ಮಾಡ್ತೀರಿ ಅಂತಾನೂ ಕೇಳಿ.