ಮನೆ ಮಾರಿ ಪತ್ರಿಕೆ ನಡೆಸಿದವರು

ಮಲಪ್ರಭೆಯ ದಂಡೆಯಲ್ಲಿ ಬೆಳೆದವರಿಗೆ ಶರಣರ ಕಥೆ ಪುಸ್ತಕದಿಂದ ಬಂದುದಲ್ಲ. ಕಿತ್ತೂರ ಸೀಮೆಯ ಮುಗುಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಅಲ್ಲಿಂದ ದೂರವಲ್ಲದ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ನೆನಪು ಉಳಿದಿದೆ. ಕಲ್ಯಾಣ ಒಡೆದ ಮೇಲೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಈ ಹಾದಿಯಿಂದಲೇ ಉಳವಿಯತ್ತ ನಡೆದರೆಂದೂ, ಕಾದರವಳ್ಳಿಯಲ್ಲಿ ಕಾಳಗವಾಯಿತೆಂದೂ ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಆ ಕಟ್ಟುಗಳು ಎಂಟು ಶತಮಾನಗಳ ತರುವಾಯ ನಮ್ಮ ಕೈಗೆ ಹೇಗೆ ಬಂದವೆಂಬುದನ್ನು ಎಷ್ಟು ಜನ ಕೇಳಿಕೊಂಡಿದ್ದೇವೆ?

ನನಗೂ ಆ ಪ್ರಶ್ನೆ ತಾನಾಗಿ ಹುಟ್ಟಲಿಲ್ಲ. ಬೈಲಹೊಂಗಲದ ಕಾಲೇಜೊಂದರಲ್ಲಿ ಕನ್ನಡ ಕಲಿಸುವುದು ನನ್ನ ವೃತ್ತಿ. ಒಂದು ದಿನ ತರಗತಿಯಲ್ಲಿ ಸೂಳೆ ಸಂಕವ್ವೆಯ ವಚನವನ್ನು ವಿವರಿಸಿದೆ. ಆಕೆಯದೆಂದು ನಮಗೆ ದೊರೆತಿರುವುದು ಅದೊಂದೇ ವಚನ. ಪಾಠ ಮುಗಿದ ಮೇಲೆ ಸವದತ್ತಿಯ ಕಡೆಯ ವಿದ್ಯಾರ್ಥಿನಿಯೊಬ್ಬಳು ಬಂದು, ಆ ವಚನವನ್ನು ತನ್ನ ಅಜ್ಜಿಗಾಗಿ ಬರೆದುಕೊಡಬೇಕೆಂದು ಕೇಳಿದಳು. ಅಜ್ಜಿಯನ್ನು ಎಳವೆಯಲ್ಲಿಯೇ ಎಲ್ಲಮ್ಮನ ಗುಡ್ಡದಲ್ಲಿ ಮುತ್ತು ಕಟ್ಟಿ ಬಿಟ್ಟಿದ್ದರಂತೆ. ಆ ಪದ್ಧತಿಯನ್ನು ನಮ್ಮ ರಾಜ್ಯವು 1982ರ ಕಾಯದೆಯಿಂದ ನಿಷೇಧಿಸಿತು; ಅಜ್ಜಿಯ ಬಾಳು ಅದಕ್ಕೆ ಮೊದಲೇ ಕಳೆದಿತ್ತು. ಬರೆದು ಕೊಟ್ಟೆ. ಇಂಥವಳ ಮಾತನ್ನು ಇಷ್ಟು ಕಾಲ ಯಾರು ಕಾಯ್ದಿಟ್ಟರು, ಯಾತಕ್ಕಾಗಿ ಕಾಯ್ದಿಟ್ಟರು ಎಂದು ಹುಡುಗಿ ಕೇಳಿದಳು. ನನ್ನ ಉತ್ತರ ನನಗೇ ಸಾಲದಾಯಿತು. ಈ ಬರಹ ಆ ಸಾಲದ ತೀರುವಳಿ.

ಹಾಗೆ ಕಾಯ್ದವರಲ್ಲಿ ಮೊದಲು ನೆನೆಯಬೇಕಾದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರು ಹುಟ್ಟಿದುದು ಧಾರವಾಡದಲ್ಲಿ, 1880ರ ಜುಲೈ 2ರಂದು. ತಂದೆ ಶಿಕ್ಷಕರು, ಕನ್ನಡದಲ್ಲಿ ಬರೆಯುತ್ತಿದ್ದವರು. ತಾಯಿ ಎಳವೆಯಲ್ಲಿಯೇ ತೀರಿಕೊಂಡುದರಿಂದ ಬಾಲಕನು ಅಜ್ಜಿಯ ಮಡಿಲಲ್ಲಿ ಬೆಳೆದನು. ಮುಂಬಯಿಯಲ್ಲಿ ಬಿ.ಎ. ಮುಗಿಸಿ 1904ರಲ್ಲಿ ಕಾನೂನಿನ ಪದವಿ ಪಡೆದರು. ಮರಾಠಿಗರೂ ಗುಜರಾತಿಗಳೂ ತಮ್ಮ ನುಡಿಗಾಗಿ ಮಾಡುತ್ತಿದ್ದ ಕೆಲಸವನ್ನು ಆ ನಗರದಲ್ಲಿ ಕಣ್ಣಾರೆ ಕಂಡು, ಕನ್ನಡಿಗರ ದೈನ್ಯಕ್ಕೆ ಮರುಗಿದರು. ವಕೀಲಿ ಆರಂಭಿಸಿದುದು ನಮ್ಮ ಬೆಳಗಾವಿಯಲ್ಲಿಯೇ. ಆದರೆ ಬೇಗನೆ ವಿಜಾಪುರಕ್ಕೆ ಹೋಗಿ ನೆಲೆಸಿದರು. ಬಾಳಿನ ಕೊನೆಯವರೆಗೆ ಆ ಊರೇ ಅವರ ಕರ್ಮಭೂಮಿಯಾಯಿತು.

ರಬಕವಿಯ ಮಂಚಾಲೆಯವರ ಮನೆಯಲ್ಲಿ ಓಲೆಗರಿಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದುದೇ ಎಲ್ಲಕ್ಕೂ ಮೂಲ. ಆಗ ಇಂಥ ಕಟ್ಟುಗಳು ಮಠಗಳಲ್ಲಿಯೂ ಮನೆಗಳಲ್ಲಿಯೂ ಪೂಜೆಗೊಳ್ಳುತ್ತಿದ್ದವು, ಓದುವವರಿರಲಿಲ್ಲ. ಹೂವು ವಿಭೂತಿಗಳ ಕೆಳಗೆ ಅವು ಹುಳ ಹಿಡಿಯುತ್ತಿದ್ದವು. ಹಳಕಟ್ಟಿಯವರು ಊರೂರು ಅಲೆದು, ಬೇಡಿ, ಕಾಡಿ ಅವನ್ನು ಕೂಡಿಸಿದರು. ಕೈಬರಹದಲ್ಲಿ ಪ್ರತಿ ತೆಗೆದರು. ಪಾಠವನ್ನು ಪಾಠದೊಡನೆ ಹೋಲಿಸಿದರು. ಹಗಲು ಕೋರ್ಟಿನ ಕೆಲಸ. ಉಳಿದ ಹೊತ್ತೆಲ್ಲ ಓಲೆಗರಿ.

ಮೊದಲ ಸಂಕಲನವಾದ ವಚನಶಾಸ್ತ್ರಸಾರವನ್ನು ಅಚ್ಚಿಗೆಂದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದರು. ಅವರು ಹಸ್ತಪ್ರತಿಯನ್ನು ಮರಳಿಸಿದರು. ಕಡೆಗೆ 1923ರಲ್ಲಿ ಅದು ಅಚ್ಚಾಗಿ ಹೊರಬಂದುದು ಬೆಳಗಾವಿಯ ಮುದ್ರಣಾಲಯವೊಂದರಿಂದ. ಕಲ್ಯಾಣದಿಂದ ನಮ್ಮ ಹಾದಿಯಾಗಿ ಹೋಯಿತೆನ್ನುವ ಕಟ್ಟು ಅಚ್ಚಿನ ರೂಪದಲ್ಲಿ ಮತ್ತೆ ನಮ್ಮ ಜಿಲ್ಲೆಯಿಂದಲೇ ನಾಡಿಗೆ ಬಂದಿತೆಂಬುದು ನನಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ.

ಒಂದು ಗ್ರಂಥದಿಂದ ಕೆಲಸ ಮುಗಿಯಲಿಲ್ಲ. ಗ್ರಂಥವು ಪಂಡಿತರ ಕಪಾಟು ಸೇರುತ್ತದೆ; ಪತ್ರಿಕೆಯು ಕೈಯಿಂದ ಕೈಗೆ ಹೋಗುತ್ತದೆ. ಹಳಕಟ್ಟಿಯವರು ಇದ್ದ ಮನೆಯನ್ನು ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಆರಂಭವಾದವು. ಮೊದಲನೆಯದು ಹನ್ನೆರಡನೆಯ ಶತಮಾನದ ದನಿಯನ್ನು ತಂದಿತು; ಎರಡನೆಯದು ಅಂದಂದಿನ ನಾಡಿನ ಸುಖದುಃಖವನ್ನು, ಕರ್ನಾಟಕದ ಏಕೀಕರಣದ ಕೂಗನ್ನು ತಂದಿತು. ಇವೆರಡನ್ನೂ ಬೇರೆ ಬೇರೆ ಕೆಲಸಗಳೆಂದು ಎಣಿಸುವುದು ವಾಡಿಕೆ. ನನಗೆ ಹಾಗೆ ಕಾಣುವುದಿಲ್ಲ. ಅಂಬಿಗ ಚೌಡಯ್ಯ, ಮಾದಾರ ಧೂಳಯ್ಯ, ಆಯ್ದಕ್ಕಿ ಲಕ್ಕಮ್ಮ, ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆ ಮುಂತಾದವರು ದುಡಿಮೆಯ ಬಗೆಗೆ, ಕುಲದ ಬಗೆಗೆ, ಹೆಣ್ಣುಗಂಡಿನ ಬಗೆಗೆ ಆಡಿದ ಮಾತುಗಳು ಎಂಟುನೂರು ವರುಷ ತಡವಾಗಿ ತಲುಪಿದ ಸುದ್ದಿಯೇ ಅಲ್ಲವೆ? ಅವು ಹಳಸಿರಲಿಲ್ಲ; ಏಕೆಂದರೆ ಅವರು ಖಂಡಿಸಿದ ಅನ್ಯಾಯವು ನಮ್ಮ ಊರ ಬಾವಿಯ ಬಳಿ, ಗುಡಿಯ ಬಾಗಿಲಲ್ಲಿ ಇನ್ನೂ ನಿಂತಿತ್ತು. ಮೊದಲು ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿತ್ತು; ಹಳಕಟ್ಟಿಯವರ ಶೋಧದಿಂದ ಆ ಸಂಖ್ಯೆ ಇನ್ನೂರೈವತ್ತರ ಹತ್ತಿರಕ್ಕೆ ಏರಿತೆಂದು ವಿದ್ವಾಂಸರು ಹೇಳುತ್ತಾರೆ.

ಅವರನ್ನು ಕ್ರಾಂತಿಕಾರರೆಂದು ಬಣ್ಣಿಸಲು ನನಗೆ ಮನಸ್ಸಿಲ್ಲ. ಅವರು ಆಸ್ತಿಕರು, ನಿಷ್ಠಾವಂತ ಶಿವಭಕ್ತರು. ಸರಕಾರಿ ವಕೀಲರಾಗಿಯೂ ದುಡಿದವರು. ವಚನಗಳನ್ನು ಶಾಸ್ತ್ರವೆಂದು, ಷಟ್‌ಸ್ಥಲದ ನೆಲೆಯಿಂದಲೇ ಕಂಡವರು. ಆದರೆ ಅಚ್ಚಿನ ಮೊಳೆಗೆ ಮೇಲುಕೀಳು ತಿಳಿಯದು. ಬಸವಣ್ಣನವರ ಮಾತಿಗೂ ಚೌಡಯ್ಯನ ಮಾತಿಗೂ ಅದೇ ಮೊಳೆ, ಅದೇ ಮಸಿ, ಅದೇ ಕಾಗದ. ಆ ಸಮತೆಯನ್ನು ಅವರು ವಾದದಿಂದ ಸಾಧಿಸಲಿಲ್ಲ. ಸಂಚಿಕೆಯ ಮೇಲೆ ಸಂಚಿಕೆ ಹೊರಡಿಸಿ ಸಾಧಿಸಿದರು. ಮುಂದೆ ಬೇರೆಯವರು ಆ ಪುಟಗಳಿಂದ ತಮಗೆ ಬೇಕಾದ ನ್ಯಾಯವನ್ನು ಎತ್ತಿಕೊಂಡರು.

ಇದರ ಬೆಲೆಯನ್ನು ಅವರ ಸಂಸಾರವು ತೆತ್ತಿತು. 1910ರಲ್ಲಿ ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಲು ಮುಂದಾದವರು ತಾವು ಮಾತ್ರ ಬಾಡಿಗೆಯ ಮನೆಯಲ್ಲಿ ಬಾಳಿದರು. ಹರಿದ ಕೋಟು, ಹಳೆಯ ಸೈಕಲ್ಲು: ವಿಜಾಪುರದವರ ನೆನಪಿನಲ್ಲಿ ಉಳಿದ ಚಿತ್ರವಿದು. ಪತ್ರಿಕೆಯ ವರ್ಗಣಿ ಸರಿಯಾಗಿ ಬಾರದಿದ್ದರೂ ಶಿವಾನುಭವವನ್ನು ಮೂರು ದಶಕಗಳಿಗೂ ಮಿಕ್ಕಿ ನಡೆಸಿದರು. ಗೌರವಗಳು ಬಂದವು: 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್. ಅವುಗಳಿಂದ ಮನೆಯ ಬಡತನವೇನೂ ನೀಗಲಿಲ್ಲ. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಸವದತ್ತಿಯ ಹುಡುಗಿಗೆ ಇದನ್ನೆಲ್ಲ ಮುಂದಿನ ವಾರ ಹೇಳಿದೆ. ಅವಳು ಹೆಚ್ಚೇನೂ ಮಾತಾಡಲಿಲ್ಲ. ಅಜ್ಜಿಗೆ ಓದು ಬಾರದೆಂದೂ, ತಾನು ಓದಿ ಹೇಳಿದೆನೆಂದೂ, ಕೇಳಿದ ಅಜ್ಜಿಯು ಇನ್ನೊಮ್ಮೆ ಓದೆಂದಳೆಂದೂ ತಿಳಿಸಿದಳು. ಯಾತಕ್ಕಾಗಿ ಕಾಯ್ದಿಟ್ಟರೆಂಬ ಪ್ರಶ್ನೆಗೆ ಉತ್ತರವು ನನ್ನ ಪಾಠದಲ್ಲಿರಲಿಲ್ಲ. ಆ ಮನೆಯ ಕಟ್ಟೆಯ ಮೇಲೆ ಇದ್ದಿತು.