ಮೈಸೂರು ಸೀಮೆಯ ದೊಡ್ಡಸ್ವಾಮಿಯವರು



ಬಿಳಿ ನಿಲುವಂಗಿ ತೊಟ್ಟು, ತಲೆಗೆ ಮುಂಡಾಸು ಸುತ್ತಿದ ಒಬ್ಬ ಗುರುಗಳ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಬಿಡಿಸಿದವನು ಥಾಮಸ್ ಹಿಕಿ. ಚಿತ್ರದಲ್ಲಿರುವವರು ನಮ್ಮ ಕಡೆಯ ಹಿರಿಯರಂತೆ ಕಂಡರೂ ಹುಟ್ಟಿದ್ದು ಫ್ರಾನ್ಸ್ ದೇಶದ ಸೇಂತ್ ರೆಮೇಜ್ ಎಂಬ ಹಳ್ಳಿಯಲ್ಲಿ. ಅವರೇ ಅಬ್ಬೆ ದುಬಾಯ್. ಮೈಸೂರು ಸೀಮೆಯ ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು.

1792ರಲ್ಲಿ ಗುರುದೀಕ್ಷೆ ಪಡೆದ ಅವರು ಅದೇ ವರ್ಷ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲು ಮೈಸೂರಿಗೆ ಬಂದರು. ನಮ್ಮ ಸಿರಾ, ಮಧುಗಿರಿಗಳೂ ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು.

ಅವರು ನಮ್ಮ ಉಡುಪು ಧರಿಸಿ ಮಾಂಸಾಹಾರ ಬಿಟ್ಟದ್ದೇಕೆ? ದನದ ಮಾಂಸ, ಮದ್ಯ, ಮನೆಯೊಳಗೂ ಚರ್ಮದ ಜೋಡು: ಇವೆಲ್ಲ ಯೂರೋಪಿನವನಿಗೆ ಸಹಜ. ಅವು ತನ್ನೊಬ್ಬನ ರೂಢಿ ಎಂಬುದೇ ಅವನಿಗೆ ಹೊಳೆಯುತ್ತಿರಲಿಲ್ಲ. ಪರಂಗಿಯವನನ್ನು ಕಂಡು ಜನ ದೂರ ಸರಿದರೆ, ಇವರಿಗೆ ತಿಳಿವಳಿಕೆ ಸಾಲದು ಎಂದುಕೊಳ್ಳುತ್ತಿದ್ದ. ಜನರ ಕಣ್ಣಿಗೆ ಆಚಾರವಿಲ್ಲದವನು ಅವನೇ ಆಗಿದ್ದ. ದುಬಾಯ್ ಇದನ್ನು ಬೇಗನೆ ಅರಿತರು. ಮನೆಯ ಹೊಸ್ತಿಲು ದಾಟಬೇಕಾದರೆ ಮೊದಲು ಆ ಮನೆಯವರ ಮರ್ಯಾದೆ ಕಲಿಯಬೇಕು ಎಂದು ತಿಳಿದು ನಡೆದರು.

ಆ ನಂಬಿಕೆಯ ಫಲ ಸಿಡುಬಿನ ಕಾಲದಲ್ಲಿ ಕಂಡಿತು. ಜೆನ್ನರ್ ಕಂಡುಹಿಡಿದ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಸಿಡುಬನ್ನು ಅಮ್ಮ ಬಂದಳೆಂದು ಭಾವಿಸುತ್ತಿದ್ದ ತಾಯಂದಿರು, ಪರದೇಶದವರು ತಂದ ಮದ್ದಿಗೆ ಮಗುವಿನ ತೋಳು ಒಡ್ಡುವುದು ಸುಲಭದ ಮಾತಾಗಿರಲಿಲ್ಲ. ಆದರೂ 1803-04ರಲ್ಲಿ ದೊಡ್ಡಸ್ವಾಮಿಯವರ ಮೇಲ್ವಿಚಾರಣೆಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಲಾಯಿತು. ಬಡ ಕ್ರೈಸ್ತರಿಗಾಗಿ ಅವರು ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಬೇಸಾಯದ ನೆಲೆಯನ್ನೂ ಕಟ್ಟಿದರು.

ನಮ್ಮ ಜನರ ಆಚಾರ ವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ 2,000 ವರಹಗಳಿಗೆ ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಬಡತನದ ವಿಚಾರವನ್ನೂ ಅವರು ಬರೆದರು. ದೇಶಕ್ಕೆ ಮರಳುವ ಮುನ್ನ ಅವರು ನೇಕಾರರ ಊರುಗಳಲ್ಲಿ ಸುತ್ತಾಡಿದ್ದರು. ಯೂರೋಪಿನ ಯಂತ್ರದ ಬಟ್ಟೆ ಬಂದು ಮಗ್ಗಗಳು ನಿಂತಿದ್ದವು. ನೂಲು ತೆಗೆದು ಹೊಟ್ಟೆ ಹೊರೆಯುತ್ತಿದ್ದ ವಿಧವೆಯರಿಗೆ ಆಸರೆಯಿರಲಿಲ್ಲ. ಅಗ್ಗದ ಅರಿವೆ ಉಟ್ಟ ದೂರದೇಶದ ಸಿರಿವಂತನಿಗೆ, ಅದರ ಬೆಲೆಯನ್ನು ಇಲ್ಲಿ ಯಾರು ತೆತ್ತರೆಂದು ತಿಳಿಯುವ ಬಗೆಯೇ ಇರಲಿಲ್ಲ. ದುಬಾಯ್ ಅದನ್ನು ಬರೆದಿಟ್ಟರು.

ಹಾಗೆಂದು ಅವರು ಎಲ್ಲವನ್ನೂ ಸರಿಯಾಗಿ ಕಂಡರೆಂದು ನಾವು ಹೇಳಲಾಗದು. ಹಿಂದೂಗಳ ಬಗ್ಗೆ ಅವರ ಎಷ್ಟೋ ತೀರ್ಪುಗಳು ಕಠೋರವಾಗಿದ್ದವು. ಆ ಪುಸ್ತಕದ ಬಹುಭಾಗ ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕೂರ್ದು ಅವರ ಬರವಣಿಗೆಯಿಂದ ಬಂದದ್ದೆಂದು ಸಿಲ್ವಿಯಾ ಮೂರ್ ಎಂಬ ವಿದ್ವಾಂಸೆ 1987ರಲ್ಲಿ ವಿವರವಾಗಿ ತೋರಿಸಿದರು. ಇಲ್ಲಿನ ಜನ ಶುಭಸಂದೇಶವನ್ನು ಸ್ವೀಕರಿಸಲಾರರೆಂದು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಕೈಚೆಲ್ಲಿದರು. ಮೂವತ್ತು ವರ್ಷ ಜೊತೆಯಲ್ಲಿ ಬಾಳಿದವರಿಗೂ ಇನ್ನೊಬ್ಬರ ಹೃದಯ ಪೂರ್ತಿ ತೆರೆಯಲಿಲ್ಲ. ಅವರು ಅದೇ 1823ರಲ್ಲಿ ಭಾರತ ಬಿಟ್ಟರು, 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು.

ಪ್ರಿಯರೇ, ಸಿರಿವಂತ ದೇಶಗಳನ್ನು ದೂರಿ ಈ ಕಥೆಯನ್ನು ಮುಗಿಸುವುದು ಸುಲಭ. ಆದರೆ ನಿಡುಗಲ್ಲು ಬೆಟ್ಟದ ಸುತ್ತಿನ ನಮ್ಮ ಸೀಮೆಯನ್ನೇ ನೋಡಿ. ಪಾವಗಡದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಂತ ತಾಯಿಗೆ ಅರ್ಧ ದಿನದ ಕೂಲಿ ತಪ್ಪಬಹುದು. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ನಮ್ಮ ಮಕ್ಕಳು ನಲ್ಲಿ ತಿರುಗಿಸಿ, ನೀರೇಕೆ ಬರುವುದಿಲ್ಲವೆಂದು ರೇಗುತ್ತಾರೆ. ಕೆಲಸದಾಕೆ ತಡವಾಗಿ ಬಂದರೆ ಸೋಮಾರಿ ಎನ್ನುತ್ತೇವೆ. ಅವಳು ಬೆಳಗ್ಗೆ ಎಷ್ಟು ಹೊತ್ತಿಗೆ ಎದ್ದಳೆಂದು ಕೇಳುವುದಿಲ್ಲ.

ಐಶ್ವರ್ಯವಂತನ ಬಾಗಿಲಲ್ಲಿ ಬಿದ್ದಿದ್ದ ಲಾಜರನ ಸಾಮತಿ ನಿಮಗೆ ನೆನಪಿದೆ. ಆ ಧನಿಕ ಲಾಜರನನ್ನು ಹೊಡೆಯಲಿಲ್ಲ, ಓಡಿಸಲೂ ಇಲ್ಲ. ಅವನನ್ನು ಗಮನಿಸಲಿಲ್ಲ, ಅಷ್ಟೇ. ಈ ವಾರ ನಿಮ್ಮ ಮನೆಗೆ ದುಡಿಯಲು ಬರುವ ಒಬ್ಬರನ್ನು ಕೂರಿಸಿ ಅವರ ದಿನ ಹೇಗೆ ಕಳೆಯುತ್ತದೆಂದು ಕೇಳಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.