ನೀರು ಇಳಿದ ಮೇಲೆ ಉಳಿದುಕೊಂಡವಳು: ಕ್ಲಾರಾ ಬಾರ್ಟನ್

ರಾತ್ರಿ ಡ್ಯೂಟಿ ಮುಗಿಸಿ, ನಿದ್ದೆ ಬಿಟ್ಟು ನೇರವಾಗಿ ಆರಾಧನೆಗೆ ಬಂದಿರುವ ನರ್ಸ್ ಸಹೋದರಿಯರು ಇಲ್ಲಿ ಕೂತಿದ್ದಾರೆ. ಅವರನ್ನು ನೋಡಿದಾಗ ಇವತ್ತು ಕ್ಲಾರಾ ಬಾರ್ಟನ್ ಅವರ ಜೀವನ ಹೇಳಬೇಕು ಅನ್ನಿಸ್ತು.

ಆಕೆ ಹುಟ್ಟಿದ್ದು 1821ರ ಕ್ರಿಸ್ಮಸ್ ದಿನ, ಅಮೆರಿಕದ ಮಸಾಚುಸೆಟ್ಸ್‌ನಲ್ಲಿ. ತುಂಬಾ ನಾಚಿಕೆ ಸ್ವಭಾವದ ಹುಡುಗಿ. ಹನ್ನೊಂದು ವರ್ಷವಾಗಿದ್ದಾಗ ಅಣ್ಣ ಡೇವಿಡ್ ಕಣಜದ ಮೇಲಿಂದ ಬಿದ್ದ. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ಸುಮಾರು ಎರಡು ವರ್ಷ ಈ ಹುಡುಗಿ ಅವನ ಹಾಸಿಗೆ ಬಿಟ್ಟು ಕದಲಲಿಲ್ಲ. ಆಕೆಗಿದ್ದ ನರ್ಸಿಂಗ್ ತರಬೇತಿ ಅಂದ್ರೆ ಅಷ್ಟೇ. ಆಗ ಆ ದೇಶದಲ್ಲಿ ನರ್ಸಿಂಗ್ ಶಾಲೆಗಳೇ ಇರಲಿಲ್ಲ.

ಮುಂದೆ ಶಿಕ್ಷಕಿಯಾದರು, ಆಮೇಲೆ ವಾಷಿಂಗ್ಟನ್‌ನಲ್ಲಿ ಸರ್ಕಾರಿ ಗುಮಾಸ್ತೆಯಾದರು. 1861ರಲ್ಲಿ ಅಂತರ್ಯುದ್ಧ ಶುರುವಾಯ್ತು. 1862ರಲ್ಲಿ ಆಂಟೀಟಮ್ ಎಂಬಲ್ಲಿ ಯುದ್ಧ ನಡೆದಾಗ ಡಾಕ್ಟರುಗಳ ಹತ್ತಿರ ಬ್ಯಾಂಡೇಜ್ ಮುಗಿದು, ಜೋಳದ ಸಿಪ್ಪೆ ಸುತ್ತಿ ಗಾಯ ಕಟ್ಟುತ್ತಿದ್ದರು. ಕ್ಲಾರಾ ಗಾಡಿ ತುಂಬ ಬಟ್ಟೆ, ಔಷಧಿ ತಂದರು. ಕತ್ತಲಾದ ಮೇಲೆ ಡಾಕ್ಟರ್ ಹತ್ತಿರ ಉಳಿದಿದ್ದು ಒಂದು ಮೇಣದಬತ್ತಿಯ ತುಂಡು. ಆಕೆ ಲಾಟೀನುಗಳನ್ನೂ ತಂದಿದ್ದರು! ಯಾರು ಯೋಚನೆ ಮಾಡ್ತಾರೆ ಲಾಟೀನು ಬಗ್ಗೆ? ಸೇವೆ ಮಾಡಿ ಗೊತ್ತಿದ್ದವರು ಮಾಡ್ತಾರೆ.

ಯುರೋಪಿನಲ್ಲಿ ರೆಡ್ ಕ್ರಾಸ್ ನೋಡಿ ಬಂದು, 1881ರಲ್ಲಿ, ಸುಮಾರು ಅರವತ್ತನೇ ವಯಸ್ಸಿನಲ್ಲಿ, ಅಮೆರಿಕದ ರೆಡ್ ಕ್ರಾಸ್ ಸ್ಥಾಪಿಸಿದರು. ಅಲ್ಲಿಯವರೆಗೆ ರೆಡ್ ಕ್ರಾಸ್ ಅಂದ್ರೆ ಯುದ್ಧಕ್ಕೆ ಮಾತ್ರ. ಪ್ರವಾಹ, ಬೆಂಕಿ, ಬರ ಬಂದಾಗಲೂ ಹೋಗಬೇಕು ಅಂತ ಆಕೆ ಹಠ ಹಿಡಿದರು. 1884ರಲ್ಲಿ ಜಿನೀವಾದ ಸಮ್ಮೇಳನ ಅದನ್ನು ಒಪ್ಪಿತು.

ಈಗ ಜಾನ್ಸ್‌ಟೌನ್‌ಗೆ ಬನ್ನಿ. ಪೆನ್ಸಿಲ್ವೇನಿಯಾದ ಉಕ್ಕಿನ ಕಾರ್ಖಾನೆಯ ಊರು. 1889 ಮೇ 31, ಶುಕ್ರವಾರ. ವಿಪರೀತ ಮಳೆ. ಊರಿಂದ 14 ಮೈಲಿ ಮೇಲಿದ್ದ ಒಂದು ದೊಡ್ಡ ಕೆರೆಯ ಏರಿ ಒಡೆಯಿತು. 2,209 ಜನ ಸತ್ತರು.

ಇಂಥದ್ದು ನಡೆದಾಗ ನಮ್ಮ ಬಾಯಲ್ಲಿ ಮೊದಲು ಬರೋ ಪ್ರಶ್ನೆ ಏನು? ಯಾರ ಪಾಪಕ್ಕೆ ಈ ಶಿಕ್ಷೆ ಅಂತ. ಪ್ರಿಯರೇ, ಸ್ವಲ್ಪ ನಿಲ್ಲಿ. ಆ ಕೆರೆ ಶ್ರೀಮಂತರ ಕ್ಲಬ್ಬಿನದು, ಮೀನು ಹಿಡಿಯೋಕೆ, ದೋಣಿ ಆಡೋಕೆ. ತೂಬಿನ ಕೊಳವೆಗಳನ್ನು ಹಿಂದಿನ ಮಾಲೀಕ ಕಿತ್ತು ಮಾರಿದ್ದ, ಇವರು ಮತ್ತೆ ಹಾಕಿಸಲಿಲ್ಲ. ಏರಿಯನ್ನು ತಗ್ಗಿಸಿದ್ದರು. ಮೀನು ಹೊರಗೆ ಹೋಗಬಾರದು ಅಂತ ಕೋಡಿಗೆ ಜಾಲರಿ ಹಾಕಿದ್ದರು. ಅದಕ್ಕೆ ಕಸಕಡ್ಡಿ ಕಟ್ಟಿಕೊಂಡಿತು. ಮಳೆ ಮೇಲಿಂದ ಬಂತು, ನಿಜ. ಆದರೆ ಕೋಡಿ ಕಟ್ಟಿದ್ದು ಯಾರು? ಕೊನೆಗೆ ಕೋರ್ಟಿನಲ್ಲಿ ಕ್ಲಬ್ಬು ಒಂದು ಪೈಸೆ ಪರಿಹಾರವನ್ನೂ ಕಟ್ಟಬೇಕಾಗಲಿಲ್ಲ.

ಐದನೇ ದಿನ ಕ್ಲಾರಾ ಬಂದಿಳಿದರು. ವಯಸ್ಸು 67. ಜೊತೆಗೆ ಡಾಕ್ಟರುಗಳು, ನರ್ಸುಗಳು. ಡೇರೆ ಹಾಕಿ ಆಸ್ಪತ್ರೆ ತೆರೆದರು. ಗಾಯ ಕಟ್ಟಿ ಮುಗೀತು ಅಂತ ಹೊರಡಬಹುದಿತ್ತು. ಆದರೆ ಕೊಚ್ಚಿಹೋದ ಊರಲ್ಲಿ ಗಾಯ ವಾಸಿಯಾದವನು ಎಲ್ಲಿಗೆ ಹೋಗ್ತಾನೆ? ಒದ್ದೆ ನೆಲದಲ್ಲಿ ಮಲಗಿದರೆ ಮತ್ತೆ ಕಾಯಿಲೆ ಬೀಳ್ತಾನೆ. ಅದಕ್ಕೆ ಎರಡಂತಸ್ತಿನ ಮರದ ಮನೆಗಳನ್ನು ಕಟ್ಟಿಸಿದರು. ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯೋ ಜಾಗ, ಎಲ್ಲರೂ ಕೂತು ಊಟ ಮಾಡೋ ಮೇಜು. ಎಲ್ಲಾ ಕಳಕೊಂಡವರನ್ನು ಭಿಕ್ಷುಕರ ಹಾಗೆ ಸಾಲಲ್ಲಿ ನಿಲ್ಲಿಸದೆ, ಅತಿಥಿಗಳ ಹಾಗೆ ಕೂರಿಸಿದರು. ಹೀಗೆ ಐದು ತಿಂಗಳು. ಫೋಟೋ ತೆಗೆಯೋರು, ನೋಡೋಕೆ ಬಂದವರು ಎಲ್ಲಾ ಹೋಗಿದ್ದರು; ಆಕೆ ಅಲ್ಲೇ ಇದ್ದರು.

1893ರಲ್ಲಿ ದಕ್ಷಿಣ ಕರೊಲಿನಾದ ಸೀ ಐಲೆಂಡ್ಸ್‌ಗೆ ಚಂಡಮಾರುತ ಬಡಿಯಿತು. ಅಲ್ಲಿದ್ದವರು ಹೆಚ್ಚಾಗಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಕುಟುಂಬಗಳು. ಸುಮಾರು 30,000 ಜನರಿಗೆ ಮನೆ ಇಲ್ಲ, ಬಾವಿಗೆ ಉಪ್ಪುನೀರು ಸೇರಿದೆ. ಕ್ಲಾರಾ ಬೀಜ ಕೊಟ್ಟರು, ಸಲಕರಣೆ ಕೊಟ್ಟರು, ನೀರು ಹೋಗೋಕೆ ಕಾಲುವೆ ತೋಡಿಸಿದರು. ಹೆಂಗಸರು ಒಟ್ಟಿಗೆ ಕೂತು ಬಟ್ಟೆ ಹೊಲಿದರು. ಅಲ್ಲಿ ಹತ್ತು ತಿಂಗಳು.

1900ರಲ್ಲಿ ಗ್ಯಾಲ್ವೆಸ್ಟನ್ ಚಂಡಮಾರುತ. ಆಕೆಗೆ 78. ಹೋಗಿ ತಾವೇ ಕಾಯಿಲೆ ಬಿದ್ದರೂ ಕೆಲಸ ನಿಲ್ಲಲಿಲ್ಲ. ಅಲ್ಲಿನ ರೈತರಿಗೆ ಹಂಚಿದ್ದು ಏನು ಗೊತ್ತಾ? ಹದಿನೈದು ಲಕ್ಷ ಸ್ಟ್ರಾಬೆರಿ ಸಸಿಗಳು!

ಆಕೆಯಲ್ಲಿ ತಪ್ಪಿರಲಿಲ್ಲ ಅಂತ ನಾನು ಹೇಳಲ್ಲ. ಎಲ್ಲಾ ತನ್ನ ಕೈಯಲ್ಲೇ ಇರಬೇಕು ಅನ್ನೋ ಸ್ವಭಾವ. ಲೆಕ್ಕಪತ್ರ ಸರಿಯಿಲ್ಲ ಅಂತ ದೂರು ಬಂತು. 1904ರಲ್ಲಿ, ತಾವೇ ಕಟ್ಟಿದ ಸಂಸ್ಥೆಯಿಂದ ನೋವಿನಿಂದ ಹೊರಗೆ ಬರಬೇಕಾಯ್ತು. ಮುಂದಿನ ವರ್ಷವೇ, 83ರ ವಯಸ್ಸಿನಲ್ಲಿ, ಸಾಮಾನ್ಯ ಜನರಿಗೆ ಪ್ರಥಮ ಚಿಕಿತ್ಸೆ ಕಲಿಸೋಕೆ ಇನ್ನೊಂದು ಸಂಘ ಶುರು ಮಾಡಿದರು. 1912 ಏಪ್ರಿಲ್ 12ರಂದು, ಗ್ಲೆನ್ ಎಕೋದ ತಮ್ಮ ಮನೆಯಲ್ಲಿ ತೀರಿಕೊಂಡರು. ಹಿಂದೆ ರೆಡ್ ಕ್ರಾಸ್ ಸಾಮಾನು ಇಡುವ ಉಗ್ರಾಣವೂ ಆಗಿದ್ದ ಮನೆ ಅದು.